ಓರಣ ಮಾಡಲು ಹೋಗಿ

ನನಗೊಂದು ಕೆಟ್ಟ ಚಟವಿದೆ. ಕುಡಿಯುವುದು, ಸೇದುವುದು ಇಂಥದ್ದಾಗಿದ್ದರೆ ನಾಲ್ಕು ಜನ ಬುದ್ಧಿ ಹೇಳಿ ಬಿಡಿಸುತ್ತಿದ್ದರೋ ಏನೋ. ನನ್ನದು ಜನ ಮೆಚ್ಚುವ ಚಟ. ಕಣ್ಣಿಗೆ ಬಿದ್ದದ್ದನ್ನೆಲ್ಲ ಅಕ್ಷರಕ್ರಮದಲ್ಲಿ ಜೋಡಿಸದಿದ್ದರೆ ನನಗೆ ಸಮಾಧಾನವಿಲ್ಲ. ಮದುವೆಗೆ ಬಂದ ಉಡುಗೊರೆಗಳನ್ನು ಕೊಟ್ಟವರ ಹೆಸರಿನ ಅಕ್ಷರಕ್ರಮದಲ್ಲಿ ಸಾಲಾಗಿ ಇಟ್ಟಿದ್ದೆ. ಅದನ್ನು ನೋಡಿದ ನಮ್ಮ ಅತ್ತೆ, "ಅಳಿಯಂದ್ರು ಎಷ್ಟು ಅಚ್ಚುಕಟ್ಟು ಅಂತೀರಾ!" ಎಂದು ಬೀಗರ ಬಳಗಕ್ಕೆಲ್ಲ ಸಾರಿಬಿಟ್ಟರು. ಆ ಹೊಗಳಿಕೆ ತಲೆಗೇರಿ ಹದಿನೈದು ವರ್ಷವಾದರೂ ಇಳಿಯಲಿಲ್ಲ. ಕೊನೆಗೆ ಅದನ್ನು ಇಳಿಸಿದ್ದು ಪೀಣ್ಯದ ಒಂದು ಕಾರ್ಖಾನೆಯ ನೋಟೀಸ್ ಬೋರ್ಡು.

ನಿಜ ಹೇಳಬೇಕೆಂದರೆ ದೇವರು ನನಗೆ ಮನೆಯಲ್ಲೇ ಒಂದು ಎಚ್ಚರಿಕೆ ಕೊಟ್ಟಿದ್ದ. ನಮ್ಮ ಅಡುಗೆಮನೆಯ ಮೇಲಿನ ಸಾಲಿನಲ್ಲಿ ಐದು ಸ್ಟೀಲ್ ಡಬ್ಬಿಗಳಿವೆ. ಎಲ್ಲ ಒಂದೇ ಅಳತೆ, ಯಾವುದಕ್ಕೂ ಚೀಟಿ ಇಲ್ಲ. ನನ್ನ ಹೆಂಡತಿ ವಸುಧಾ ಅವನ್ನು ನೋಡುವುದೇ ಇಲ್ಲ. ಕೈ ತಾನಾಗಿ ಹೋಗುತ್ತದೆ, ನಾಲ್ಕನೆಯದು ಅಕ್ಕಿ ಹಿಟ್ಟು, ಎರಡನೆಯದು ರಾಗಿ ಹಿಟ್ಟು, ಹೀಗೆ. ಒಂದು ಭಾನುವಾರ ಅವಳು ಮಾರತ್ತಹಳ್ಳಿಗೆ ಏನೋ ತರಲು ಹೋದಾಗ ನಾನು ಕುರ್ಚಿ ಹತ್ತಿ ಅಕ್ಕಿ, ಕಡಲೆ, ಗೋಧಿ, ಮೈದಾ, ರಾಗಿ ಎಂದು ಓರಣವಾಗಿ ಜೋಡಿಸಿದೆ. ಮರುದಿನ ಬೆಳಗ್ಗೆ ಅವಳ ಕೈ ನಾಲ್ಕನೇ ಡಬ್ಬಿಗೇ ಹೋಯಿತು. ಅವತ್ತಿನ ಅಕ್ಕಿ ರೊಟ್ಟಿಯನ್ನು ಎಳೆದರೆ ಎಳೆದಷ್ಟೂ ಹಿಗ್ಗುತ್ತಿತ್ತು, ಹರಿಯುತ್ತಿರಲಿಲ್ಲ. ನಾನು ಎರಡು ಕೈ ಹಚ್ಚಿ ಜಗ್ಗುತ್ತಿದ್ದುದನ್ನು ನೋಡಿ ವಸುಧಾ ಕೇಳಿದಳು: "ರೀ, ನಿಮಗೆ ಡಬ್ಬಿ ಮುಟ್ಟು ಅಂತ ಹೇಳಿದ್ಯಾರು? ಹಿಟ್ಟು ಹಾಳಾಗಿದ್ರೆ ವಾಸನೆಯಿಂದ್ಲಾದ್ರೂ ಗೊತ್ತಾಗ್ತಿತ್ತು. ಇದು ನೋಡೋಕೆ ಸರಿಯಾಗೇ ಇತ್ತಲ್ಲ!" ಈ ಮಾತನ್ನು ನಾನು ಅಂದೇ ಕಿವಿಗೆ ಹಾಕಿಕೊಂಡಿದ್ದರೆ ಈ ಪ್ರಬಂಧ ಬರೆಯುವ ಪ್ರಮೇಯ ಬರುತ್ತಿರಲಿಲ್ಲ.

ನನ್ನ ಕೆಲಸ ಕುಂದಲಹಳ್ಳಿಯ ಒಂದು ಸಣ್ಣ ಕಂಪನಿಯಲ್ಲಿ, ಕಾರ್ಖಾನೆಯ ಯಂತ್ರಗಳಿಗೆ ಪ್ರೋಗ್ರಾಂ ಬರೆಯುವುದು. ಪೀಣ್ಯದಲ್ಲಿ ಪ್ಲಾಸ್ಟಿಕ್ ಮುಚ್ಚಳ ಮಾಡುವ ಕಾರ್ಖಾನೆಯೊಂದಿದೆ. ಪ್ರತಿ ಮುಚ್ಚಳಕ್ಕೂ ಒಂದು ಅಚ್ಚು. ಪ್ರತಿ ಅಚ್ಚಿಗೂ ಇಷ್ಟು ಬಿಸಿ, ಇಷ್ಟು ಒತ್ತಡ, ತಣಿಯಲು ಇಷ್ಟು ಸೆಕೆಂಡು ಎಂಬ ಲೆಕ್ಕ. ಈ ಮೂರನ್ನೂ ಪ್ರೋಗ್ರಾಮಿನ ಒಳಗೆ ಒಂದು ಗಂಟು ಕಟ್ಟಿರುತ್ತೇವೆ. ನಮ್ಮವರು ಅದನ್ನು ಆಬ್ಜೆಕ್ಟ್ ಎನ್ನುತ್ತಾರೆ. ಕರೆಂಟು ಹೋದರೆ ಗಂಟೂ ಹೋಗುತ್ತದೆ. ಅದಕ್ಕೇ ಗಂಟನ್ನು ಬಿಚ್ಚಿ ಸೊನ್ನೆ ಒಂದುಗಳ ಒಂದೇ ಉದ್ದ ಸಾಲು ಮಾಡಿ ಫೈಲಿಗೆ ಬರೆದಿಡಬೇಕು. ಬೇಕಾದಾಗ ಅದನ್ನು ಓದಿ ಮತ್ತೆ ಗಂಟು ಕಟ್ಟಬೇಕು. ಹತ್ತು ವರ್ಷದ ಹಿಂದೆ ನಾನು ಇದನ್ನು ಬರೆದಾಗ ಜಾಗ ಉಳಿಸುವ ಉಮೇದಿನಲ್ಲಿ ಹೆಸರುಗಳನ್ನೆಲ್ಲ ಕೈಬಿಟ್ಟಿದ್ದೆ. ಫೈಲಿನಲ್ಲಿ ಇರುತ್ತಿದ್ದುದು ಬರೀ ಮೂರು ಅಂಕೆ. ಮೊದಲನೆಯದು ಬಿಸಿ, ಎರಡನೆಯದು ಒತ್ತಡ, ಮೂರನೆಯದು ಸಮಯ ಎಂಬುದು ಪ್ರೋಗ್ರಾಮಿಗೆ ಗೊತ್ತು, ನನಗೆ ಗೊತ್ತು, ಇನ್ನೊಬ್ಬರಿಗೆ ಗೊತ್ತಿರುವ ಅಗತ್ಯವೇ ಇಲ್ಲ ಎಂದುಕೊಂಡಿದ್ದೆ. ವಸುಧಾಳ ಡಬ್ಬಿಗಳ ಸಾಲೂ ಇದೇ ಅಲ್ಲವೇ ಎಂದು ನಿಮಗೆ ಹೊಳೆದಿರಬಹುದು. ನನಗೆ ಹೊಳೆಯಲಿಲ್ಲ.

ರೊಟ್ಟಿ ಪ್ರಕರಣವಾಗಿ ತಿಂಗಳೂ ಕಳೆದಿರಲಿಲ್ಲ. ಆ ಹಳೆಯ ಪ್ರೋಗ್ರಾಮಿಗೆ ಸಣ್ಣದೊಂದು ರಿಪೇರಿ ಬಂತು. ತೆರೆದು ನೋಡಿದರೆ ಟೆಂಪರೇಚರ್, ಪ್ರೆಷರ್, ಕೂಲಿಂಗ್ ಎಂದು ಹೇಗೆಂದರೆ ಹಾಗೆ ಬಿದ್ದಿವೆ. ಇಂಗ್ಲಿಷಿನಲ್ಲಿ ಕೂಲಿಂಗ್ ಮೊದಲು ಬರಬೇಕಲ್ಲವೇ? ಕೂಲಿಂಗ್, ಪ್ರೆಷರ್, ಟೆಂಪರೇಚರ್ ಎಂದು ತಿರುಗಿಸಿ ಜೋಡಿಸಿದೆ. ಪರೀಕ್ಷೆಯನ್ನೂ ಮಾಡಿದೆ: ಹೊಸ ಪ್ರೋಗ್ರಾಮಿನಲ್ಲಿ ಬರೆದೆ, ಹೊಸ ಪ್ರೋಗ್ರಾಮಿನಲ್ಲೇ ಓದಿದೆ, ಎಲ್ಲ ಸರಿ ಬಂತು. ಕಾರ್ಖಾನೆಯಲ್ಲಿ ಹತ್ತು ವರ್ಷದ ಹಳೆಯ ಫೈಲುಗಳಿವೆ, ಅವನ್ನೂ ಓದಿ ನೋಡಬೇಕು ಎಂಬುದು ನೆನಪಾಗಲಿಲ್ಲ. ಸಂತೋಷದಿಂದ ಕಳಿಸಿಕೊಟ್ಟೆ.

ಮೂರನೇ ದಿನ ಕಾರ್ಖಾನೆಯಿಂದ ಕರೆ ಬಂತು, ಯಂತ್ರ ಕಚ್ಚಿಕೊಂಡಿದೆ ಎಂದು. ಎರಡೂವರೆ ಗಂಟೆ ಟ್ರಾಫಿಕ್ಕಿನಲ್ಲಿ ಕೂತು ಪೀಣ್ಯ ತಲುಪಿದೆ. ಮಧ್ಯಾಹ್ನ ಅಚ್ಚು ಬದಲಿಸಿ ಹಳೆಯ ಫೈಲು ತೆರೆದಿದ್ದಾರೆ. ಯಂತ್ರ ಬಿಸಿಯಾಗುವುದು ಬಿಟ್ಟು ತಣ್ಣಗಾಗತೊಡಗಿದೆ. ಒಳಗಿದ್ದ ಪ್ಲಾಸ್ಟಿಕ್ ಕಲ್ಲಾಗಿ, ಅದನ್ನು ನೂಕುವ ದೊಡ್ಡ ಸ್ಕ್ರೂ ಮುರಿದಿದೆ. ಹಳೆಯ ಯಂತ್ರ, ನಡುವೆ ತಡೆದು ನಿಲ್ಲಿಸುವ ಬುದ್ಧಿ ಅದಕ್ಕಿಲ್ಲ. ನಾನು ಪರದೆ ನೋಡಿದೆ. ಬಿಸಿ: ಹದಿನೆಂಟು. ತಣಿಯುವ ಸಮಯ: ಇನ್ನೂರ ಹತ್ತು. ಇನ್ನೂರ ಹತ್ತು ಇರಬೇಕಾದದ್ದು ಬಿಸಿ, ಹದಿನೆಂಟು ಸೆಕೆಂಡು ತಣಿಯುವ ಸಮಯ; ನಾನು ತಿರುಗಿಸಿದಂತೆಯೇ ಎರಡೂ ತಿರುಗಿ ಕೂತಿದ್ದವು. ಫೈಲು ಹಾಳಾಗಿದ್ದರೆ ಪ್ರೋಗ್ರಾಂ ಬೊಬ್ಬೆ ಹೊಡೆಯುತ್ತಿತ್ತು. ಅದು ಹಾಳಾಗಿರಲಿಲ್ಲ. ಮೂರು ಅಂಕೆ ಇತ್ತು, ಮೂರು ಅಂಕೆ ಓದಿಕೊಂಡಿತ್ತು.

"ನೋಡಿ ಸಾರ್, ಬಿಸಿ ಹದಿನೆಂಟು ಅಂತ ಹೊಡೆದಿದಾನೆ," ಎಂದರು ಮಾಲೀಕರು. "ಇಪ್ಪತ್ತು ವರ್ಷ ಸರ್ವೀಸು. ನಂಬ್ಕೊಂಡಿದ್ದೆ. ಮಷಿನ್ನಿಂದ ತೆಗೆದು ಪ್ಯಾಕಿಂಗಿಗೆ ಹಾಕಿದೀನಿ." ಅವರು ತೋರಿಸಿದ ಕಡೆ ಐವತ್ತು ದಾಟಿದ ಒಬ್ಬರು ರಟ್ಟಿನ ಡಬ್ಬಗಳಿಗೆ ಟೇಪು ಅಂಟಿಸುತ್ತಿದ್ದರು. ಹೆಸರು ಶಿವಲಿಂಗಪ್ಪ, ಗದಗಿನ ಕಡೆಯವರು. ಬಾಗಿಲ ಬಳಿಯ ನೋಟೀಸ್ ಬೋರ್ಡಿನಲ್ಲಿ ಚೀಟಿ ಅಂಟಿತ್ತು: ಅಜಾಗರೂಕತೆಯಿಂದ ಯಂತ್ರಕ್ಕೆ ಹಾನಿ ಮಾಡಿದ್ದಕ್ಕಾಗಿ ಶಿವಲಿಂಗಪ್ಪನನ್ನು ಆಪರೇಟರ್ ಕೆಲಸದಿಂದ ತೆಗೆಯಲಾಗಿದೆ. ನನ್ನನ್ನು ನೋಡಿ ಅವರು ಎದ್ದು ಬಂದರು. "ಸಾಹೇಬ್ರ, ನಾ ನಂಬರ ಮುಟ್ಟಿಲ್ರೀ. ಫೈಲ ತಗದೇನಿ, ಅಷ್ಟ. ರಾಜಗೋಪಾಲನಗರದಾಗ ನಮ್ಮ ವಠಾರದಾಗ ಆರು ಮಂದಿ ಇಲ್ಲೇ ಕೆಲಸಾ ಮಾಡ್ತಾರ. ಆ ಚೀಟಿ ಎಲ್ಲಾರೂ ಓದ್ಯಾರ್ರೀ."

ಯಂತ್ರದ ಹಿಂದಕ್ಕೆ ಹೋಗಿ ನಮ್ಮ ಮ್ಯಾನೇಜರಿಗೆ ಫೋನ್ ಮಾಡಿದೆ. "ಫೈಲ್ ಕರಪ್ಟ್ ಆಗಿತ್ತು ಅಂತ ಹೇಳ್ಬಿಡಿ ಗುರು, ಯಾರಿಗೂ ತೊಂದ್ರೆ ಇಲ್ಲ," ಎಂದ. ಮಾತು ಹಿತವಾಗಿತ್ತು, ಸುಳ್ಳೇಕೆ ಹೇಳಲಿ. ಅರ್ಧ ಗಂಟೆ ಅದನ್ನೇ ಮನಸ್ಸಿನಲ್ಲಿ ಉರು ಹೊಡೆದೆ. ಆದರೆ ಯಂತ್ರದ ಸಂದಿಯಿಂದ ಶಿವಲಿಂಗಪ್ಪ ಕಾಣುತ್ತಿದ್ದರು. ಟೇಪು ಅಂಟಿಸಲು ಅಭ್ಯಾಸವಿಲ್ಲದೆ ಅದು ಅವರ ಬೆರಳಿಗೇ ಸುತ್ತಿಕೊಳ್ಳುತ್ತಿತ್ತು. ನನಗೆ ನಾಚಿಕೆಯಾಯಿತು. ಎದುರಿಗೆ ಹೋಗಿ, ತಪ್ಪು ನನ್ನದೇ ಎಂದು ಮಾಲೀಕರಿಗೆ ಎಲ್ಲ ಹೇಳಿದೆ. ಅವರು ಪರದೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಸಾರ್, ನೀವು ಇಂಜಿನಿಯರ್ ಅಲ್ವಾ?" ಎಂದರು. ಹೌದು ಎಂದೆ. ಅಷ್ಟು ಸಣ್ಣ ದನಿಯಲ್ಲಿ ನಾನು ಅದನ್ನು ಎಂದೂ ಹೇಳಿಕೊಂಡಿರಲಿಲ್ಲ. ಅವರು ತಿರುಗಿ, "ಶಿವಲಿಂಗಪ್ಪ, ನಾಳೆಯಿಂದ ಮಷಿನ್ ಮೇಲೆ ಬಾರಪ್ಪ," ಎಂದರು.

ಶಿವಲಿಂಗಪ್ಪ ಕದಲಲಿಲ್ಲ. "ಬಾಯಾಗ ಹೇಳಿದ್ದು ನಾವ್ ಮೂರ ಮಂದಿ ಕೇಳಿದ್ವಿ. ಆ ಚೀಟಿ ಓದಿದವ್ರು ಎಲ್ಲಾರೂ ಅದಾರ. ಬರದು ಹಚ್ರಿ."

ಒಪ್ಪಿದೆ. ಕಾಗದ ತೆಗೆದುಕೊಂಡು ದುಂಡಗೆ ಬರೆದೆ: ತಾಂತ್ರಿಕ ಕಾರಣಗಳಿಂದ ಅಂಕಿಗಳು ಅದಲುಬದಲಾಗಿ ಯಂತ್ರಕ್ಕೆ ಹಾನಿಯಾಗಿರುತ್ತದೆ. ಇದರಲ್ಲಿ ಆಪರೇಟರ್ ತಪ್ಪಿರುವುದಿಲ್ಲ. ವಿಷಾದಿಸಲಾಗಿದೆ. ಶಿವಲಿಂಗಪ್ಪ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

"ಛಲೋ ಬರದೀರಿ. ಆದ್ರ ಅದಲುಬದಲು ಮಾಡಿದವ್ರು ಯಾರು? ಯಾವ ಆಪರೇಟರ? ನಾವು ನಾಕು ಮಂದಿ ಅದೀವ್ರೀ. ಹೆಸರ ಇಲ್ದಂಗ ಬರದ್ರ, ಓದಿದವ್ರು ತಮಗ ತಿಳದಂಗ ಓದ್ಕೋತಾರ್ರೀ."

ಹತ್ತು ವರ್ಷದ ಹಿಂದೆ ಜಾಗ ಉಳಿಸಲು ಕೂತಿದ್ದಾಗ ಇವರು ನನ್ನ ಪಕ್ಕದಲ್ಲಿರಬೇಕಿತ್ತು. ಇನ್ನೊಂದು ಹಾಳೆ ತೆಗೆದುಕೊಂಡೆ. ನನ್ನ ಪೂರ್ತಿ ಹೆಸರು ಬರೆದು, ನಾನು ಮಾಡಿದ ತಪ್ಪಿನಿಂದ ಯಂತ್ರ ಕೆಟ್ಟಿತು, ಶಿವಲಿಂಗಪ್ಪ ಅವರದು ಏನೂ ತಪ್ಪಿಲ್ಲ, ಅವರ ಕ್ಷಮೆ ಕೇಳುತ್ತೇನೆ ಎಂದು ಬರೆದು ಸಹಿ ಹಾಕಿದೆ. ಹಳೆಯ ಚೀಟಿ ಕಿತ್ತು ಅದೇ ಜಾಗದಲ್ಲಿ ಇದನ್ನು ಅಂಟಿಸಿದವರು ಶಿವಲಿಂಗಪ್ಪನವರೇ. ಈ ಸಲ ಟೇಪು ಬೆರಳಿಗೆ ಸುತ್ತಿಕೊಳ್ಳಲಿಲ್ಲ.

ಈಗ ನನ್ನ ಫೈಲುಗಳಲ್ಲಿ ಪ್ರತಿ ಅಂಕೆಯ ಪಕ್ಕದಲ್ಲೂ ಹೆಸರಿದೆ. ಫೈಲು ಕೊಂಚ ದಪ್ಪವಾಗಿದೆ, ಯಾರೂ ದೂರಿಲ್ಲ. ಪ್ರೋಗ್ರಾಮಿನಲ್ಲಿ ಏನೇ ಬದಲಿಸಿದರೂ ನಾನೇ ಪೀಣ್ಯಕ್ಕೆ ಹೋಗಬೇಕೆಂದು ಶಿವಲಿಂಗಪ್ಪ ಕಟ್ಟಪ್ಪಣೆ ಮಾಡಿದ್ದಾರೆ. ಹಳೆಯ ಫೈಲುಗಳನ್ನು ಒಂದೊಂದಾಗಿ ತೆರೆದು, ಬಿಸಿ ಇಷ್ಟು, ಒತ್ತಡ ಇಷ್ಟು ಎಂದು ಗಟ್ಟಿಯಾಗಿ ಓದುತ್ತಾರೆ. ನಾನು ಹೌದು ಹೌದು ಎನ್ನುತ್ತ ನಿಲ್ಲುತ್ತೇನೆ. ನನ್ನ ಚೀಟಿ ಇನ್ನೂ ಬೋರ್ಡಿನಲ್ಲಿದೆ. ಅದರ ಸುತ್ತ ಊಟದ ಸಮಯ, ರಜೆಯ ಪಟ್ಟಿ, ಗಣೇಶೋತ್ಸವದ ಕರೆ, ಎಲ್ಲ ಸೊಟ್ಟಸೊಟ್ಟಗೆ, ಹಿಂದುಮುಂದಾಗಿ ಅಂಟಿಕೊಂಡಿವೆ. ಹೋದ ವಾರ ಅಲ್ಲಿ ಕಾಯುತ್ತ ನಿಂತಿದ್ದೆ. ಊಟ ಎನ್ನುವುದು ಗಣೇಶನಿಗಿಂತ ಮೊದಲು ಬರಬೇಕಲ್ಲ ಎನ್ನಿಸಿ ಕೈ ತಾನಾಗಿ ಮೇಲೆ ಹೋಯಿತು.

"ಸಾಹೇಬ್ರ," ಎಂದು ಯಂತ್ರದ ಕಡೆಯಿಂದ ದನಿ ಬಂತು. "ಅದನ್ನ ಮುಟ್ಟಬ್ಯಾಡ್ರೀ."