ಬೀಗರ ಮನೆಗೆ ಒಯ್ದ ವೈನು

ಲೈಬ್ರರಿಯಲ್ಲಿ ಇಪ್ಪತ್ತೆಂಟು ವರ್ಷ ಕೂತವಳಿಗೆ ಒಂದು ಚಟ ಅಂಟಿಕೊಂಡುಬಿಡುತ್ತೆ, ಗೊತ್ತಿಲ್ಲದ್ದನ್ನ ಕೇಳಿ ಕೇಳಿ ತಿಳ್ಕೊಳ್ಳೋದು. ಹಾಗಾಗಿ ನಾನು ಏನು ಕೊಳ್ಳೋಕೆ ಹೋದ್ರೂ ಒಂದು ಫಜೀತಿ ಆಗೇ ಆಗುತ್ತೆ. ಈ ಸಲ ಕೊಳ್ಳಬೇಕಾಗಿದ್ದು ವೈನ್.

ನಾವು ಬಾಗಲಕೋಟೆ ಕಡೆಯವರು, ಈಗ ಮನೆ ಅಬ್ಬಿಗೆರೆಯಲ್ಲಿ. ನಮ್ಮನೇಲಿ ಯಾರೂ ಅದನ್ನ ಮೂಸಿ ಕೂಡ ನೋಡಿದವರಲ್ಲ. ಆದರೆ ಮಗಳು ಮೆಚ್ಚಿದ ಹುಡುಗ ಮಂಗಳೂರು ಕಡೆಯ ಕ್ರೈಸ್ತರ ಮನೆಯವನು. ಅವನ ತಂದೆತಾಯಿ ಇನ್ನೂ ಹೂಂ ಅಂದಿರಲಿಲ್ಲ. ಮೊದಲು ನಮ್ಮನ್ನ ನೋಡಬೇಕು ಅಂತ ಆರ್.ಟಿ. ನಗರದ ತಮ್ಮ ಮನೆಗೆ ಭಾನುವಾರ ಊಟಕ್ಕೆ ಕರೆದಿದ್ರು. "ಅಮ್ಮ, ಒಂದು ಒಳ್ಳೇ ವೈನ್ ತಗೊಂಡ್ ಹೋಗೋಣ. ದಯವಿಟ್ಟು ಏನೂ ಎಡವಟ್ಟು ಮಾಡ್ಬೇಡ" ಅಂದಳು ಮಗಳು. ಅವಳ ಮುಖ ನೋಡಿ ನನಗೆ ನಿಜವಾಗ್ಲೂ ಹೆದರಿಕೆ ಆಯ್ತು.

ಕಬ್ಬಿಣದ ಜಾಲರಿ

ಮೊದಲು ಹೋಗಿದ್ದು ಮನೆ ಹತ್ತಿರದ ಅಂಗಡಿಗೆ. ಜಾಲರಿ ಒಳಗೆ ಮಾಲೀಕ, ಹೊರಗೆ ಗಂಡಸರ ಸಾಲು. ನಮ್ಮೆಜಮಾನ್ರು ಯಾರಾದ್ರೂ ನೋಡಿಬಿಟ್ಟಾರು ಅಂತ ರಸ್ತೆ ಆಚೆ ಎಳನೀರು ಗಾಡಿ ಹತ್ರ ನಿಂತುಬಿಟ್ರು. ನಾನೊಬ್ಬಳೇ ಸೆರಗು ಸರಿಮಾಡ್ಕೊಂಡು ಹೋದೆ. ಸಾಲು ತಾನಾಗೇ ಬಿಟ್ಟುಕೊಡ್ತು. ಒಬ್ಬ ಕೈಲಿದ್ದ ಬಾಟ್ಲಿ ಜೇಬಿಗೆ ತುರುಕಿದ. ಇನ್ನೊಬ್ಬ ಹಿಂದೆ ತಿರುಗಿ, "ಯಾರ್ ಮನೆಯವ್ರು ಬಂದಿದ್ದಾರೆ ನೋಡ್ರಪ್ಪ" ಅಂತ ಕೂಗಿದ. ಇಬ್ಬರು ಮೆಲ್ಲಗೆ ಜಾಗ ಖಾಲಿ ಮಾಡಿದ್ರು.

"ವೈನ್ ಇದೆಯೇನಪ್ಪ?" ಅಂದೆ ಮಾಲೀಕನಿಗೆ.

"ಅದೊಂದು ಬಿಟ್ಟು ಎಲ್ಲಾ ಇದೆ ಅಮ್ಮ."

ಬೋರ್ಡಿನ ಮೇಲೆ ಮೊಳದುದ್ದ ವೈನ್ಸ್ ಅಂತ ಬರೆಸಿದೀರಲ್ಲ ಅಂತ ಕೇಳಿದ್ದಕ್ಕೆ ಅವನೂ ತಲೆ ಎತ್ತಿ ಬೋರ್ಡು ನೋಡಿದ. ನಾನು ಇನ್ನೂ ಕೇಳೋದಿತ್ತು, ಅಷ್ಟರಲ್ಲಿ ಸಾಲಲ್ಲಿದ್ದ ವಯಸ್ಸಾದವರೊಬ್ಬರು ನನ್ನ ಪಕ್ಕ ಬಂದು ಪಿಸುಗುಟ್ಟಿದ್ರು: "ನೀವು ಹುಡುಕ್ತಿರೋರು ಅಗೋ ಅಲ್ಲೇ ಅವ್ರೆ ಕಣಮ್ಮ. ಬರೀ ಎಳನೀರು ಕುಡೀತಾವ್ರೆ, ಬೈಬೇಡಿ."

ಹೊಸ ಎಡಿಷನ್

ಆಮೇಲೆ ಹೆಬ್ಬಾಳದ ಕಡೆ ಒಂದು ಎಸಿ ಅಂಗಡಿಗೆ ಹೋದೆವು. ಗೋಡೆ ತುಂಬ ವೈನ್, ನಮ್ಮ ಲೈಬ್ರರಿ ಥರಾನೇ ಸಾಲುಸಾಲಾಗಿ. ಮೊದಲು ದೇಶ, ಆಮೇಲೆ ದ್ರಾಕ್ಷಿ ಜಾತಿ, ಆಮೇಲೆ ವರ್ಷ. ನನಗೆ ಎಷ್ಟು ಖುಷಿ ಆಯ್ತು ಅಂದ್ರೆ ಒಂದೊಂದೇ ಲೇಬಲ್ ಓದ್ತಾ ನಿಂತೆ. ಹಾಲಿನ ಪ್ಯಾಕೆಟ್ ಆರಿಸೋ ಹಾಗೆ ಕೈ ಹಾಕಿ ಹಿಂದಿನ ಬಾಟ್ಲಿ ತೆಗೆದೆ.

"ಇದು ಹಳೇದು ಕಣಮ್ಮ, ಈ ವರ್ಷದ್ದು ಕೊಡು" ಅಂದೆ ಅಲ್ಲಿನ ಹುಡುಗಿಗೆ. ನಮ್ಮಲ್ಲಿ ಹಳೇ ಎಡಿಷನ್ ಅಂದ್ರೆ ಗುಜರಿಗೆ.

"ಇಲ್ಲಿ ಹಳೇದಾದ್ರೂ ಪರವಾಗಿಲ್ಲ ಮೇಡಂ. ಊಟಕ್ಕೆ ಏನಿರುತ್ತೆ ಹೇಳಿ."

"ಅವರ ಮನೇಲಿ ಏನೋ ಗೊತ್ತಿಲ್ಲ. ನಮ್ಮನೇಲಾದ್ರೆ ಜೋಳದ ರೊಟ್ಟಿ, ಎಣ್ಣೆಗಾಯಿ."

ಅವಳು ನಗಲಿಲ್ಲ. ಗಂಭೀರವಾಗಿ ಯೋಚಿಸಿ, "ಎಣ್ಣೆಗಾಯಿಗೆ ಖಾರ ಎಷ್ಟು ಹಾಕ್ತೀರಾ?" ಅಂತ ಕೇಳಿದಳು. ಖಾರದ ಊಟಕ್ಕಾದ್ರೆ ಕೊಂಚ ಸಿಹಿ ಇರೋ ಬಿಳೀ ವೈನ್, ಅದೂ ತಣ್ಣಗೆ. ಮಟನ್ ಇದ್ರೆ ಕೆಂಪು. ಹೊಸಬರು ತೀರಾ ದುಬಾರಿಯದ್ದಕ್ಕೆ ಹೋಗಬಾರದು, ಬಿಸಿಲಲ್ಲಿ ಇಟ್ಟಿರೋ ಬಾಟ್ಲಿ ಮುಟ್ಟಲೇಬಾರದು. ನಾನು ಎಲ್ಲಾ ಬರ್ಕೊಂಡೆ. ಹೊರಡೋವಾಗ ನೋಡ್ತೀನಿ, ಅವಳೂ ಬಿಲ್ಲಿನ ಹಿಂದೆ ಏನೋ ಬರ್ಕೊಂಡಿದ್ದಾಳೆ. "ಮೇಡಂ, ಶೇಂಗಾ ಪುಡಿ ಎರಡು ಚಮಚಾನಾ, ಮೂರಾ?"

ಫ್ರಿಜ್ಜಿನ ಬಾಗಿಲು

ಮನೇಲಿ ಅತ್ತೆ ಇದ್ದಾರೆ. ತಂದ ಒಂದು ಬಾಟ್ಲಿನ ಫ್ರಿಜ್ಜಲ್ಲಿ ಸೊಪ್ಪಿನ ಹಿಂದೆ ಮುಚ್ಚಿಟ್ಟಿದ್ದೆ. ಮರುದಿನ ಬೆಳಗ್ಗೆ ಹೆಪ್ಪು ತೆಗೆಯೋಕೆ ಹೋಗಿ ಅದನ್ನ ಕೈಲಿ ಹಿಡ್ಕೊಂಡೇ ಬಂದ್ರು.

"ಏನಿದು?"

ಸುಳ್ಳು ಹೇಳೋಕೆ ಬಾಯಿ ಬರಲಿಲ್ಲ. "ವೈನ್ ಅತ್ತಿ. ಬೀಗರ ಮನಿಗೆ ಒಯ್ಯಾಕ."

ಅತ್ತೆ ಅದನ್ನ ತಿರುಗಿಸಿ ಮುರುಗಿಸಿ ನೋಡಿದ್ರು.

"ಬುದ್ಧಿ ಐತೇನ ನಿನಗ? ಮೊದಲನೇ ಸಲ ಬೀಗರ ಮನಿಗೆ ಒಂಟಿ ಒಯ್ತಾರೇನ? ಹೋಗು, ಜೋಡಿ ಮಾಡ್ಕೊಂಡ್ ಬಾ."

ಒಂದು ಚಮಚ

ಭಾನುವಾರ ಜೋಡಿ ಬಾಟ್ಲಿ ಹಿಡ್ಕೊಂಡು ಹೋದೆವು. ಹುಡುಗನ ಮನೆಯವರು ಬಹಳ ಮರ್ಯಾದಸ್ತರು. ಆದರೆ ಎರಡೂ ಕಡೆಯವರು ಬಿಗಿಯಾಗಿ ಕೂತಿದ್ವಿ. ಹವಾಮಾನ ಮುಗೀತು, ಹೆಬ್ಬಾಳದ ಟ್ರಾಫಿಕ್ಕೂ ಮುಗೀತು, ಮಾತು ನಿಂತೇ ಹೋಯ್ತು. ಮಗಳು ಉಗುರು ಕಚ್ತಾ ಇದ್ದಳು.

ಆಗ ಹುಡುಗನ ತಾಯಿ ಒಳಗಿಂದ ಒಂದು ಜಾಡಿ ತಂದ್ರು. "ಇದು ಮನೆಯಲ್ಲೇ ಮಾಡಿದ ವೈನ್. ನಿಮಗೆ ಅಭ್ಯಾಸ ಇಲ್ಲವಲ್ಲ, ಒಂದೇ ಒಂದು ಚಮಚ ರುಚಿ ನೋಡಿ" ಅಂತ ಚಮಚ ತುಂಬಿಸಿ ನನ್ನ ಮುಂದೆ ಹಿಡಿದ್ರು.

ಅದನ್ನ ಇಸ್ಕೊಂಡು ಬಾಯಿಗಿಟ್ಟಿದ್ರೆ ಮುಗೀತಿತ್ತು. ನನ್ನ ಬಲಗೈ ತಾನಾಗೇ, ಗುಡಿಯಲ್ಲಿ ಒಡ್ಡೋ ಹಾಗೆ, ಗೋಕರ್ಣ ಮಾಡ್ಕೊಂಡು ಮುಂದೆ ಹೋಯ್ತು, ಕೆಳಗೆ ಎಡಗೈ, ಅದರ ಕೆಳಗೆ ಸೆರಗು. ಅವರು ಒಂದು ಕ್ಷಣ ನೋಡಿ ಅಂಗೈಗೇ ಹಾಕಿದ್ರು. ನಾನು ಕಣ್ಣು ಮುಚ್ಚಿ ಸುರ್ ಅಂತ ಹೀರಿ, ಒದ್ದೆ ಕೈಯನ್ನ ತಲೆಗೆ ಸವರಿಕೊಂಡುಬಿಟ್ಟೆ.

ಕಣ್ಣು ಬಿಟ್ರೆ ಮಗಳು ಬೆವರ್ತಾ ಇದ್ದಾಳೆ. ಪಕ್ಕದಲ್ಲಿ ನಮ್ಮೆಜಮಾನ್ರು ಅಷ್ಟೇ ಭಕ್ತಿಯಿಂದ ಕೈ ಒಡ್ಡಿಕೊಂಡು ಕೂತಿದ್ದಾರೆ. ಅವರೂ ಕುಡಿದು ತಲೆಗೆ ಸವರ್ಕೊಂಡ್ರು. ಮಗಳ ಬಾಳು ನನ್ನ ಕೈಯಾರೆ ಹಾಳಾಯ್ತು ಅಂದ್ಕೊಂಡೆ.

ಅಷ್ಟರಲ್ಲಿ ಮೂಲೆ ಕುರ್ಚಿಯಿಂದ ಹುಡುಗನ ಅಜ್ಜಿ ಕೈ ಚಾಚಿ, "ನನಗೂ ಹಾಗೆಯೇ ಹಾಕು ಮಗಾ. ಎಷ್ಟು ಗೌರವದಿಂದ ತಗೊಂಡ್ರು ನೋಡು" ಅಂದ್ರು. ಕುಡಿದು ತಮ್ಮ ಬಿಳೀ ತಲೆಗೂ ಸವರಿಕೊಂಡ್ರು. ಆಮೇಲೆ ಹುಡುಗನ ತಾಯಿ, ಹುಡುಗ, ನಗು ತಡೀಲಾರದೆ ನಮ್ಮ ಮಗಳು.

ಕೊನೇಲಿ ಉಳಿದವರು ಹುಡುಗನ ತಂದೆ. ನಾವು ಬಂದಾಗಿಂದ ನನ್ನನ್ನ ಮೇಡಂ ಅಂತ ಬಿಟ್ಟು ಬೇರೆ ಏನೂ ಕರೆಯದ ಮನುಷ್ಯ. ಕುಡಿದು, ಒದ್ದೆ ಕೈಯನ್ನ ಗಾಳಿಯಲ್ಲೇ ಹಿಡ್ಕೊಂಡು, ತುಂಬಾ ಕಾಳಜಿಯಿಂದ ಕೇಳಿದ್ರು:

"ಬೀಗಿತ್ತಿಯವರೇ, ಬೋಳು ತಲೆಗೂ ಇದು ನಡೀತದಾ?"