ಅಟ್ಟದ ಮೇಲಿನ ವಿರಾಟಪರ್ವ

ಆ ದಿನ ಬೆಳಿಗ್ಗೆ ಬಿಳಿಗೆರೆಯ ಶಂಭುಲಿಂಗಯ್ಯ ಮೇಷ್ಟ್ರು ಬಾಯಿಯನ್ನು ಕಾಫಿಗೆ ಮಾತ್ರ ತೆರೆದಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಬೇಲಿಯಾಚೆ ಕೊಬ್ಬರಿ ಹರಡುತ್ತಿದ್ದ ಕಲ್ಲಮ್ಮನನ್ನು ಕಂಡದ್ದೇ, "ಇವತ್ತು ಮೊಬೈಲಲ್ಲಿ ಮಕ್ಕಳಿಗೆ ವಿರಾಟಪರ್ವ ಹೇಳ್ತೀನಿ ಕಣಮ್ಮ" ಎಂದುಬಿಟ್ಟರು.

ಕಲ್ಲಮ್ಮನ ಕೈಯಿಂದ ಮಂಕರಿ ಜಾರಿತು.

ವಿರಾಟಪರ್ವ ಓದಿಸಿದರೆ ಮಳೆ ಬರುತ್ತದೆಂಬುದು ಆ ಸೀಮೆಯ ಹಸುಗೂಸಿಗೂ ಗೊತ್ತು. ಮಳೆ ತಡವಾದ ವರ್ಷ ಊರೇ ಗುಡಿಯಲ್ಲಿ ಕೂತು ಓದಿಸುತ್ತದೆ. ಈಗಲೋ, ವರ್ಷವಿಡೀ ಅಟ್ಟದಲ್ಲಿದ್ದು ಚಿಪ್ಪು ಕಳಚಿಕೊಂಡ ಕೊಬ್ಬರಿ ಗಿಟುಕುಗಳು ಕಲ್ಲಮ್ಮನ ಅಂಗಳದಲ್ಲಿ ತಲೆ ಬೋಳಿಸಿಕೊಂಡ ವಟುಗಳಂತೆ ಸಾಲಾಗಿ ಕೂತಿದ್ದವು. ಇನ್ನೆರಡು ಬಿಸಿಲು ಬಿದ್ದರೆ ತಿಪಟೂರು ಮಾರುಕಟ್ಟೆ. ಒಂದು ಮಳೆ ಬಿದ್ದರೆ ಬೂಷ್ಟು.

ಗಳಿಗೆಯೊಳಗೆ ಕಲ್ಲಮ್ಮ, ಅವಳ ಗಂಡ ಮರುಳಪ್ಪ, ಹಿಂದಿನ ಮನೆಯ ಗಂಗಕ್ಕ ಮೇಷ್ಟ್ರ ಜಗಲಿಯಲ್ಲಿದ್ದರು.

"ಬ್ಯಾರೆ ಯಾವ ಪರ್ವನಾದ್ರೂ ಹೇಳ್ಕಳಿ ಮೇಷ್ಟ್ರೇ, ಹದಿನೆಂಟವೆ," ಎಂದ ಮರುಳಪ್ಪ.

"ಯುದ್ಧ ಹೇಳ್ಬುಡಿ. ಯುದ್ಧಕ್ಕೆ ಮಳೆ ಬರಲ್ಲ," ಎಂದಳು ಗಂಗಕ್ಕ.

ಅದು ಆಗುವಂತಿರಲಿಲ್ಲ. ತುಮಕೂರಿನ ಸೌಂದರ್ಯ ಎಂಬಾಕೆ ಆನ್‌ಲೈನ್ ಪಾಠಶಾಲೆ ನಡೆಸುತ್ತಿದ್ದರು. ಮಕ್ಕಳಿಗೆ ಪುರಾಣ, ಕಾವ್ಯ, ಬರವಣಿಗೆ ಕಲಿಸಲು ಅಲ್ಲಿಗೆ ಗುರುಗಳು ಬೇಕಾಗಿದ್ದರು. ಇವತ್ತಿನದು ಮೇಷ್ಟ್ರನ್ನು ಪರೀಕ್ಷಿಸುವ ಪಾಠ. ಪರ್ವ ಆರಿಸಿದ್ದೂ ಆಕೆಯೇ. ಆಕೆ ಮೆಚ್ಚಿದರೆ ಇಡೀ ಮಹಾಭಾರತ ಮೇಷ್ಟ್ರದು. ಶಾಲೆಯಿಂದ ನಿವೃತ್ತರಾದ ಮೇಲೆ ಅವರ ಕತೆಗೆ ಉಳಿದ ಕಿವಿ ಕೊಟ್ಟಿಗೆಯ ಎಮ್ಮೆಯದೊಂದೇ. ಅದೂ ಈಚೆಗೆ ದ್ರೋಣಪರ್ವ ಬಂತೆಂದರೆ ಮುಖ ತಿರುಗಿಸುತ್ತಿತ್ತು.

ಮೇಷ್ಟ್ರು ಶಿವನನ್ನು ನೆನೆದು ಕಣ್ಣು ಮುಚ್ಚಿ, ಶಾಸ್ತ್ರವನ್ನೇ ಕಂಡವರಂತೆ ತೆರೆದರು. "ನೋಡಿ, ಪುರಾಣದ ಫಲ ಯಾರಿಗೆ? ಕೇಳಿದವರಿಗೆ. ಕೇಳೋರು ಎಲ್ಲಿ ಕೂತವ್ರೋ ಮಳೆ ಆ ಊರಿಗೆ! ನನ್ನ ಕತೆ ಕೇಳೋರೆಲ್ಲ ಪರೂರೋರು. ನೀವು ಕೇಳ್ಬ್ಯಾಡಿ, ಅಷ್ಟೇ."

ಈ ಮಾತು ಯಾವ ಗ್ರಂಥದಲ್ಲೂ ಇರಲಿಲ್ಲ. ಆಗತಾನೇ ಅವರ ನಾಲಿಗೆಯ ಮೇಲೆ ಹುಟ್ಟಿತ್ತು. ಆದರೂ ಹೇಳಿದ ಗತ್ತಿಗೆ ಮರುಳಪ್ಪ ಕೈಮುಗಿದ.

ಮೇಷ್ಟ್ರ ಮನೆಯಲ್ಲಿ ಸಿಗ್ನಲ್ ಸಿಗುತ್ತಿದ್ದದ್ದು ತೆಂಗಿನಕಾಯಿ ತುಂಬಿದ ಅಟ್ಟದಲ್ಲಿ ಮಾತ್ರ. ಏಣಿ ಹತ್ತಿ, ಕಿಂಡಿಯ ಪಕ್ಕ ಕಾಯಿರಾಶಿಯ ಮೇಲೆ ಕೂತು ಶುರುಮಾಡಿದರು. ಕೆಳಗೆ ಕಲ್ಲಮ್ಮನ ಅಂಗಳದಲ್ಲಿ ಮೂವರೂ ಕಿವಿಗೆ ತೆಂಗಿನನಾರು ತುರುಕಿಕೊಂಡು ಕೊಬ್ಬರಿ ಕಾಯುತ್ತಿದ್ದರು.

ಭೀಮ ಸೌಟು ಹಿಡಿಯುವ ಹೊತ್ತಿಗೆ ಮೊಬೈಲಿನಲ್ಲಿ ಸೌಂದರ್ಯ ಅವರ ಚೌಕ ಕಪ್ಪಾಯಿತು. ಆಕೆ ಮೈಮರೆತು ಕೇಳಲು ಕ್ಯಾಮೆರಾ ಆರಿಸಿದ್ದಾರೆಂದುಕೊಂಡ ಮೇಷ್ಟ್ರು ಹಿಗ್ಗಿ ಹೀರೇಕಾಯಿಯಾಗಿ, ಕೀಚಕನಿಗೆ ಎರಡು ಮೀಸೆ ಹೆಚ್ಚಿಗೆ ಹಚ್ಚಿಯೇ ಒಳಗೆ ಕರೆತಂದರು.

ಕಿಂಡಿಯಲ್ಲಿ ಮೇಷ್ಟ್ರು ತೊಡೆ ತಟ್ಟುವುದು ಕಂಡು ಕಲ್ಲಮ್ಮನಿಗೆ ತಡೆಯಲಾಗಲಿಲ್ಲ. 'ಒಂದೇ ಕಿವಿ ತಾನೇ' ಎಂದು ಒಂದು ಕಡೆಯ ನಾರು ಕಿತ್ತಳು. ಭೀಮ ಕೀಚಕನ ಜುಟ್ಟು ಹಿಡಿದ.

"ಹಾಕಪ್ಪಾ, ಇನ್ನೊಂದು ಹಾಕು!" ಎಂದು ಕಿರುಚಿದಳು.

ತಕ್ಷಣ ಸೂರ್ಯನಿಗೆ ಮೋಡ ಮುಚ್ಚಿತು.

"ಕೇಳ್ಬುಟ್ಯಲ್ಲೇ!" ಮರುಳಪ್ಪ ಹೆಂಡತಿಯತ್ತ ಕೂಗಿ ಮಂಕರಿಗೆ ಕೊಬ್ಬರಿ ಬಾಚತೊಡಗಿದ. ಗಂಗಕ್ಕ ಸೆರಗು ಒಡ್ಡಿದಳು. ಕಲ್ಲಮ್ಮ, "ನಿಲ್ಸಿ ಮೇಷ್ಟ್ರೇ!" ಎಂದು ಒಂದು ಗಿಟುಕನ್ನು ಕಿಂಡಿಗೆ ಬೀಸಿದಳು. ಅದು ರಾಶಿಗೆ ಬಡಿದು, ಕಾಯಿಗಳು ಗಡಗಡ ಉರುಳಿ, ಮೇಷ್ಟ್ರು ಎರಡು ಮೊಳ ಕೆಳಗಿಳಿದರು.

"ತಾತ, ಏನದು ಸದ್ದು?" ಮೊಬೈಲಿನೊಳಗಿಂದ ಸಿಂಧು ಎಂಬ ಹುಡುಗಿ ಕೇಳಿದಳು.

"ಕೀಚಕ ಬಿದ್ದ ಸದ್ದು ಮಗಳೇ," ಎಂದರು ಮೇಷ್ಟ್ರು, ಬಿದ್ದಲ್ಲಿಂದಲೇ. ಧ್ವನಿ ಒಂದಿಷ್ಟೂ ಅಲುಗಲಿಲ್ಲ. "ಈಗ ಬರೆಯಿರಿ ನೋಡೋಣ. ನೀವು ಅಜ್ಞಾತವಾಸಕ್ಕೆ ಹೋದರೆ ಏನು ವೇಷ?"

ಸಿಂಧು ಬರೆದು ಓದಿದಳು: "ನಾನು ತೆಂಗಿನಕಾಯಿ ಆಗ್ತೀನಿ. ತಾತನ ಅಟ್ಟದಲ್ಲಿ ಕೂತು ದಿನಾ ಕತೆ ಕೇಳ್ತೀನಿ."

ಮೇಷ್ಟ್ರ ಕಣ್ಣು ಒದ್ದೆಯಾಯಿತು. ಆ ದಿನ ಬಿಳಿಗೆರೆಯಲ್ಲಿ ಒದ್ದೆಯಾದದ್ದು ಅದೊಂದೇ. ಮೋಡ ಕಿಬ್ಬನಹಳ್ಳಿ ಕಡೆ ತೇಲಿಹೋಗಿ ಮತ್ತೆ ಬಿಸಿಲು ಬಿತ್ತು.

ಪಾಠ ಮುಗಿಸಿ ಅವರು ಕಿಂಡಿಯಲ್ಲಿ ತಲೆ ಹಾಕಿದರು. "ಬಿತ್ತೇನ್ರೋ ಒಂದು ಹನಿ?"

"ನಿಮ್ಮ ಶಾಸ್ತ್ರವೇ ದಿಟ ಮೇಷ್ಟ್ರೇ," ಎಂದಳು ಕಲ್ಲಮ್ಮ, ಗಿಟುಕುಗಳನ್ನು ಮತ್ತೆ ಹರಡುತ್ತ. "ಒಂದು ಕಿವೀಲಿ ಕೇಳಿದ್ದಕ್ಕೆ ಬರೀ ಮೋಡ ಬಂತು. ಎರಡರಲ್ಲೂ ಕೇಳಿದ್ರೆ ಕೊಬ್ಬರಿ ತೇಲ್ತಿತ್ತು."

ಆಗ ಮೊಬೈಲ್ ಹೊಡೆದುಕೊಂಡಿತು. ಸೌಂದರ್ಯ! ಮೆಚ್ಚುಗೆ ಊರಿಗೂ ಕೇಳಲೆಂದು ಮೇಷ್ಟ್ರು ಸ್ಪೀಕರ್ ಒತ್ತಿ ಕಿಂಡಿಯಲ್ಲಿಟ್ಟರು.

"ಕ್ಷಮಿಸಿ ಸರ್. ನೀವು ಶುರು ಮಾಡಿದ ಸ್ವಲ್ಪ ಹೊತ್ತಿಗೇ ಇಲ್ಲಿ ತುಮಕೂರಲ್ಲಿ ಆಕಾಶ ಹರಿದ ಹಾಗೆ ಮಳೆ! ಕರೆಂಟು ಹೋಯ್ತು, ನೆಟ್ಟೂ ಹೋಯ್ತು. ಪಾಠ ನೋಡೋಕೇ ಆಗ್ಲಿಲ್ಲ."

ಅಂಗಳದಲ್ಲಿ ಮೂವರೂ ತಲೆಯೆತ್ತಿ ಆಕಾಶ ನೋಡಿದರು. ತಮ್ಮ ಶಾಸ್ತ್ರಕ್ಕೆ ಮೇಷ್ಟ್ರೇ ಮೊದಲ ಸಲ ಹೆದರಿದರು.

"ಇನ್ನೊಂದು ಸಲ ಹೇಳಬೇಕು ಸರ್. ನೆಟ್ ನಂಬೋ ಹಾಗಿಲ್ಲ. ನಾಳೆ ನಾನೇ ಬಿಳಿಗೆರೆಗೆ ಬಂದು, ನಿಮ್ಮೆದುರೇ ಕೂತು, ವಿರಾಟಪರ್ವ ಪೂರ್ತಿ ಕೇಳ್ತೀನಿ."

"ಬನ್ನಿ ಬನ್ನಿ, ಧಾರಾಳವಾಗಿ ಬನ್ನಿ," ಎಂದು ಮೇಷ್ಟ್ರು ಫೋನಿಟ್ಟು, ಇನ್ನಷ್ಟು ಕಾಯಿ ಉರುಳಿಸದಂತೆ ತೆವಳಿ ಬಂದು, ಇಳಿಯಲು ಕಾಲು ಚಾಚಿದರು. ಕಾಲು ಗಾಳಿಯಲ್ಲಿ ತಡಕಾಡಿತು. ಏಣಿ ಕಲ್ಲಮ್ಮನ ಹೆಗಲೇರಿ ಬೇಲಿ ದಾಟುತ್ತಿತ್ತು.

"ಎರಡು ಬಿಸಿಲು ಕಳೀಲಿ, ಇಳಿಸ್ತೀವಿ ಮೇಷ್ಟ್ರೇ," ಎಂದಳು ಅವಳು ತಿರುಗಿ. "ಮುದ್ದೆ ಹಗ್ಗದಲ್ಲಿ ಕಳಿಸ್ತೀನಿ. ಆಯಮ್ಮ ಬಂದು ಕೇಳಿದ್ರೆ, ಮೇಷ್ಟ್ರು ಅಜ್ಞಾತವಾಸಕ್ಕೆ ಹೋದ್ರು ಅಂತೀವಿ. ಉಸಿರು ಬುಡ್ಬ್ಯಾಡಿ ಮತ್ತೆ!"