ಬೀಗದ ಕೈ ಯಾರ ಹತ್ತಿರ?

ಇಡೀ ರಾದ್ಧಾಂತಕ್ಕೆ ಕಾರಣ ಹೆಬ್ಬೆರಳುದ್ದದ ಒಂದು ಬೀಗದ ಕೈ. ಆದರೆ ಬೆಳಿಗ್ಗೆ ಮುಖಕ್ಕೆ ಸೋಪು ಬಳಿದುಕೊಂಡು ಗಡ್ಡ ಬೋಳಿಸುತ್ತ ಕನ್ನಡಿಯ ಮುಂದೆ ನಿಂತಿದ್ದ ಶಾಸಕರಿಗೆ ಅದರ ಸುಳಿವೂ ಇರಲಿಲ್ಲ. ಮರುದಿನ ಸದನದಲ್ಲಿ ಮಾಡಬೇಕಾದ ಭಾಷಣವನ್ನು ಅವರು ಕನ್ನಡಿಗೆ ಒಪ್ಪಿಸುತ್ತಿದ್ದರು. "ಜನರ ದುಡ್ಡು ಎಲ್ಲಿ ಹೋಯಿತು? ಯಾರು ಹೊಣೆ? ನನಗೆ ಹೆಸರು ಬೇಕು, ಹೆಸರು!"

ಸರ್ಕಾರದ ಖರ್ಚನ್ನೆಲ್ಲ ಜಾಲಾಡುವ ಸಮಿತಿಗೆ ಅವರೇ ಅಧ್ಯಕ್ಷರು. ಅಧಿಕಾರಿಗಳು ಅವರನ್ನು ಬೆನ್ನ ಹಿಂದೆ 'ಲೆಕ್ಕಪ್ಪ' ಎನ್ನುತ್ತಿದ್ದರು. ಎದುರಿಗೆ ಏನೂ ಎನ್ನುತ್ತಿರಲಿಲ್ಲ, ಬೆವರು ಒರೆಸಿಕೊಳ್ಳುತ್ತಿದ್ದರು ಅಷ್ಟೆ.

ಫೋನ್ ಬಡಿದುಕೊಂಡಿತು. ಅಕ್ಕ.

"ಎಲ್ಲಿ ಸತ್ತಿದ್ದೀಯೋ? ಮಗಳಿಗೆ ನೋವು ಶುರುವಾಗಿದೆ. ಆಸ್ಪತ್ರೆಗೆ ಕರ್ಕೊಂಡು ಬಂದ್ರೆ ಜಗಲಿ ಮೇಲೆ ಬೆಂಚಲ್ಲಿ ಮಲಗಿಸಿದ್ದಾರೆ! ಸುತ್ತ ಒಂದು ಬೆಡ್‌ಶೀಟ್ ಕಟ್ಟಿದ್ದಾರೆ, ಅದರಲ್ಲೂ ತೂತು!"

"ಜಗಲಿ ಯಾಕಕ್ಕಾ? ಅಲ್ಲೇ ಹೊಸಾ ಹೆರಿಗೆ ವಾರ್ಡ್ ಇದೆಯಲ್ಲ? ಆರು ಹಾಸಿಗೆ. ನಾನೇ ಉದ್ಘಾಟನೆ ಮಾಡಿದ್ದು!"

"ಮಾಡಿದ್ದೀಯಪ್ಪಾ ಮಾಡಿದ್ದೀಯ. ಬೀಗ ಹಾಕಿದೆ. ಎರಡು ವರ್ಷದಿಂದ ತೆಗೆದೇ ಇಲ್ವಂತೆ."

ಶಾಸಕರ ತಲೆಯಲ್ಲಿ ಏನೋ ಸಿಡಿಯಿತು. ಅರ್ಧ ಕೆನ್ನೆಯ ಸೋಪನ್ನು ಟವೆಲ್ಲಿಗೆ ಒರೆಸಿ, ಅಂಗಿಯ ಗುಂಡಿಗಳನ್ನು ಹೇಗೆ ಬೇಕೋ ಹಾಗೆ ಹಾಕಿಕೊಂಡು ಕಾರು ಹತ್ತಿದರು.

ಆಸ್ಪತ್ರೆಯ ಅಂಗಳದಲ್ಲಿ ಆಗಲೇ ಜನ ಸೇರಿದ್ದರು. ಒಂದು ಕಡೆ ಸುಣ್ಣ ಉದುರಿದ ಹಳೇ ಕಟ್ಟಡ, ಅದರ ಜಗಲಿಯಲ್ಲಿ ಬೆಡ್‌ಶೀಟಿನ ಹಿಂದಿನಿಂದ ಅಕ್ಕನ ಮಗಳ ನರಳಾಟ. ಇನ್ನೊಂದು ಕಡೆ ಬಣ್ಣ ಮಾಸದ ಹೊಸ ವಾರ್ಡು, ಅದರ ಬಾಗಿಲಿಗೆ ತೆಂಗಿನಕಾಯಿ ಗಾತ್ರದ ಬೀಗ. ಬೀಗದ ಮುಂದೆ ಸ್ಟೂಲ್ ಹಾಕಿಕೊಂಡು ಕಾವಲುಗಾರ ಕೂತಿದ್ದ. ಗಂಟೆಗೆ ಸರಿಯಾಗಿ ಬಂದು ಗಂಟೆಗೆ ಸರಿಯಾಗಿ ಹೋಗುವವನಾದ್ದರಿಂದ ಎಲ್ಲರೂ ಅವನನ್ನು 'ಗಡಿಯಾರ' ಎನ್ನುತ್ತಿದ್ದರು.

"ತೆಗಿಯೋ ಬೀಗ!" ಶಾಸಕರು ಗುಡುಗಿದರು.

"ಕೀ ಇಲ್ಲ ಸಾರ್," ಎಂದ ಗಡಿಯಾರ, ಎದ್ದು ಸಲಾಮು ಹೊಡೆದು.

"ಕೀ ಇಲ್ಲದೆ ಬೀಗ ಹೇಗೆ ಹಾಕಿದೆ?"

"ಒತ್ತಿದ್ರೆ ಹಾಕ್ಕೊಳ್ಳೋ ಬೀಗ ಸಾರ್. ಹಾಕೋದಕ್ಕೆ ಕೀ ಬೇಡ, ತೆಗೆಯೋದಕ್ಕೆ ಮಾತ್ರ ಬೇಕು. ಐದು ಗಂಟೆಗೆ ಬಾಗಿಲು ಹಾಕಿ ಬೀಗ ಒತ್ತು ಅಂತ ನನಗೆ ಆರ್ಡರ್. ಉದ್ಘಾಟನೆ ದಿನ ಐದಾಯ್ತು, ಒತ್ತಿದೆ."

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಶಾಸಕರು ತಿರುಗಿ ನೋಡಿದ ನೋಟಕ್ಕೆ ನಗು ಅಲ್ಲೇ ಸತ್ತಿತು. ಅಷ್ಟರಲ್ಲಿ ಅವರ ಬುಲಾವಿಗೆ ಎಂಜಿನಿಯರು ಓಡೋಡಿ ಬಂದ.

"ಕಟ್ಟಡದ ಕೀ ಎಲ್ರೀ?"

"ಅದು... ಅವತ್ತೇ ಹಸ್ತಾಂತರ ಮಾಡಿದ್ವಿ ಸಾರ್."

"ಯಾರಿಗೆ?"

"ಕಾರ್ಯಕ್ರಮದಲ್ಲಿ ಸಾರ್." ಎಂಜಿನಿಯರು ತನ್ನ ಶೂಗಳನ್ನು ಮೊದಲ ಸಲ ಕಂಡವನಂತೆ ನೋಡತೊಡಗಿದ.

"ಕಾರ್ಯಕ್ರಮ ಅಂದ್ರೆ ಮನುಷ್ಯನ ಹೆಸರೇನ್ರೀ? ಹೋಗ್ಲಿ, ಕೀ ಕಳೆದಿದ್ರೆ ಬೀಗ ಒಡೆದು ಹೊಸದು ಹಾಕೋದಕ್ಕೆ ನಿಮಗೇನು ದಾಡಿ?"

"ಕೇಳಿದ್ವಿ ಸಾರ್. ಹೊಸಾ ಬೀಗಕ್ಕೆ ಮಂಜೂರಾತಿ ಕೇಳಿದ್ವಿ. ನಿಮ್ಮ ಸಮಿತಿನೇ..."

ಶಾಸಕರಿಗೆ ಥಟ್ಟನೆ ನೆನಪಾಯಿತು. ಇದೇ ಬೀಗದ ಮೇಲೆ ಸದನದಲ್ಲಿ ಅವರು ಕಾಲು ಗಂಟೆ ಮಾತಾಡಿದ್ದರು. 'ಬೀಗ ಹಾಕಿರುವ ಬಾಗಿಲಿಗೆ ಮತ್ತೊಂದು ಬೀಗವೇ? ಬಾಗಿಲೇನು ಓಡಿಹೋಗುತ್ತದೆಯೇ?' ಎಂದು ಕೇಳಿದಾಗ ಎಲ್ಲರೂ ಮೇಜು ಕುಟ್ಟಿ ನಕ್ಕಿದ್ದರು. ಮರುದಿನ ಪತ್ರಿಕೆಗಳಲ್ಲಿ ಫೋಟೋ ಕೂಡ ಬಂದಿತ್ತು. ಈಗ ಆ ಮೇಜು ಕುಟ್ಟಿದ ಸದ್ದು ಅವರ ನೆತ್ತಿಯ ಮೇಲೇ ಕೇಳಿಸಿತು.

ಬೆಡ್‌ಶೀಟಿನ ಹಿಂದಿನಿಂದ ಅಕ್ಕ ಕೂಗಿದಳು. "ಭಾಷಣ ಆಮೇಲೆ ಮಾಡೋ! ಕೂಸು ನಿನ್ನ ಸಮಿತಿಗೆ ಕಾಯಲ್ಲ!"

"ಕಲ್ಲು ತಗೊಂಬನ್ನಿ, ಒಡೀರಿ!"

ಗಡಿಯಾರ ಬೀಗಕ್ಕೆ ಬೆನ್ನು ಕೊಟ್ಟು ನಿಂತ. "ಸರ್ಕಾರಿ ಸ್ವತ್ತು ಸಾರ್. ಬರವಣಿಗೆಯಲ್ಲಿ ಕೊಡಿ. ನಾಳೆ ನಿಮ್ಮ ಸಮಿತಿಯವರೇ ನನ್ನ ಸಂಬಳದಲ್ಲಿ ಮುರ್ಕೋತಾರೆ."

ಅದು ನಿಜವೂ ಆಗಿತ್ತು. ಶಾಸಕರ ಸಿಟ್ಟು ನೆತ್ತಿಗೇರಿತು. ಮೆಟ್ಟಿಲ ಮೇಲೆ ಹತ್ತಿ ನಿಂತು, ಅರ್ಧ ಬೋಳಿಸಿದ ಗಡ್ಡದಲ್ಲೇ ಕೈ ಎತ್ತಿದರು. "ಎಲ್ಲರೂ ಕೇಳಿಸ್ಕೊಳ್ಳಿ! ಆ ಬೀಗದ ಕೈ ಇಟ್ಕೊಂಡು ಮಜಾ ನೋಡ್ತಿರೋನು ಎಷ್ಟೇ ದೊಡ್ಡವನಾಗಿರಲಿ, ಇಲ್ಲೇ, ನಿಮ್ಮೆಲ್ಲರ ಎದುರಿಗೇ ಅವನ ಕಿವಿ ಹಿಂಡಿಸ್ತೀನಿ!"

ಜನ ಚಪ್ಪಾಳೆ ತಟ್ಟಿದರು. ಎಂಜಿನಿಯರು ಮಾತ್ರ ತಟ್ಟಲಿಲ್ಲ.

ಹಾಳು ಬೆಡ್‌ಶೀಟಿನ ತೂತು ನೋಡಲಾಗದೆ ಶಾಸಕರು ಹೆಂಡತಿಗೆ ಫೋನ್ ಮಾಡಿದರು. "ನಾಲ್ಕು ಒಳ್ಳೇ ಹೊದಿಕೆ ತಗೊಂಡು ಬಾ. ಯಾವನೋ ಅಯೋಗ್ಯ ವಾರ್ಡಿನ ಕೀ ನುಂಗಿ ಕೂತಿದ್ದಾನೆ."

"ಯಾವ ಕೀ ರೀ? ಕೆಂಪು ರಿಬ್ಬನ್ ಕಟ್ಟಿರೋದಾ?"

"ಏನು?"

"ನಮ್ಮ ಷೋಕೇಸಲ್ಲಿದೆಯಲ್ಲ, ಗಾಜಿನ ಬಾತುಕೋಳಿ ಪಕ್ಕ. ಉದ್ಘಾಟನೆಯಿಂದ ಬಂದ ದಿನ ನೀವೇ ಜೇಬಿಂದ ತೆಗೆದು ಇಟ್ರಿ. ಪ್ರತಿವಾರ ಧೂಳು ಒರೆಸಿ ಒರೆಸಿ ನನಗೆ ಸಾಕಾಗಿದೆ."

ಶಾಸಕರು ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ತೆಗೆದರೆ ಸುತ್ತಲಿನವರಿಗೆ ಏನಾದರೂ ಹೇಳಬೇಕಲ್ಲ!

ಹೆಂಡತಿ ಆಟೋದಲ್ಲಿ ಬಂದಿಳಿದು, ರಿಬ್ಬನ್ ಸಮೇತ ಕೀಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು. "ಇದೇ ಅಲ್ವೇನ್ರೀ?" ಗಡಿಯಾರ ಪಕ್ಕಕ್ಕೆ ಸರಿದ. ಬೀಗ ಕಟಕ್ಕೆಂದು ತೆರೆದುಕೊಂಡಿತು. ಒಳಗೆ ಆರು ಮಂಚಗಳು ಪ್ಲಾಸ್ಟಿಕ್ ಕವರನ್ನೂ ಬಿಚ್ಚಿಸಿಕೊಳ್ಳದೆ ಎರಡು ವರ್ಷದಿಂದ ಬಿದ್ದುಕೊಂಡಿದ್ದವು. ಮಗಳನ್ನು ಮಲಗಿಸಿ, ನರ್ಸನ್ನು ಒಳಗೆ ಕಳಿಸಿ, ಅಕ್ಕ ನೇರವಾಗಿ ಮೆಟ್ಟಿಲಿಗೆ ಬಂದಳು. ತಮ್ಮನ ಬಲಗಿವಿ ಹಿಡಿದು ಒಂದು ಸುತ್ತು ಹಿಂಡಿದಳು.

"ನೀನೇ ಹೇಳಿದ್ದಲ್ವೇನೋ, ಎಷ್ಟೇ ದೊಡ್ಡವನಾಗಿರಲಿ ಅಂತ? ಎರಡು ವರ್ಷ ಕಂಡವರ ಹೆಣ್ಣುಮಕ್ಕಳೆಲ್ಲ ಈ ಜಗಲೀಲಿ ಹೆತ್ತರಲ್ಲೋ! ಅವರ ಹೆಸರಲ್ಲಿ ಇದು."

ಮಧ್ಯಾಹ್ನಕ್ಕೆ ಹೆಣ್ಣು ಕೂಸು ಹುಟ್ಟಿತು. ಅಜ್ಜಿಯ ಗಂಟಲೇ ಬಂದಿದೆ ಎಂದರು ಜನ. ಕೆಂಪಾದ ಕಿವಿಯನ್ನು ಸವರಿಕೊಳ್ಳುತ್ತ ಶಾಸಕರು ಎಂಜಿನಿಯರನ್ನು ಮೂಲೆಗೆ ಒಯ್ದರು.

"ನನ್ನ ಹತ್ತಿರ ಇದೆ ಅಂತ ಎರಡು ವರ್ಷದಲ್ಲಿ ಒಂದು ಮಾತು ಹೇಳೋದಕ್ಕಾಗಲಿಲ್ವೇನ್ರೀ?"

"ಎಲ್ಲರನ್ನೂ ಕೇಳೋರು ನೀವು ಸಾರ್," ಎಂದ ಎಂಜಿನಿಯರು ಮೆಲ್ಲಗೆ. "ನಿಮ್ಮನ್ನ ಕೇಳೋರು ಯಾರು?"

ಶಾಸಕರು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಒಂದು ಸ್ಟೀಲ್ ತಟ್ಟೆ ಎದುರಿಗೆ ಬಂತು. ಅದರ ಮೇಲೆ ಒರೆಸಿ ಥಳಥಳ ಮಾಡಿದ ಅದೇ ಕೀ. ಎಂಜಿನಿಯರು ಪತ್ರಿಕೆಯವರನ್ನೂ ಕರೆಸಿದ್ದ. "ಈ ಸಲ ಸರಿಯಾಗಿ ಹಸ್ತಾಂತರ ಆಗಿಬಿಡಲಿ ಸಾರ್. ನೀವು ಎತ್ತಿ ನರ್ಸಮ್ಮನ ಕೈಗೆ ಕೊಡಿ."

ಶಾಸಕರು ಕೀ ಎತ್ತಿದರು. "ಸಾರ್, ಸ್ವಲ್ಪ ಮೇಲೆ... ನಗ್ತಾ ಇರಿ..." ಎಂದ ಫೋಟೋದವನು. ನರ್ಸು ಕೈ ಒರೆಸಿಕೊಂಡು ಬರುವಷ್ಟರಲ್ಲಿ ರಾಜಧಾನಿಯಿಂದ ಫೋನ್ ಬಂತು. ಪಕ್ಷದ ನಾಯಕರು. ಭಾಷಣ ನಾಳೆ ಬೆಳಿಗ್ಗೆ ಮೊದಲನೆಯದೇ, ಈಗಲೇ ಹೊರಡಬೇಕು. "ಆಯ್ತು ಸಾರ್, ಹೊರಟೆ ಸಾರ್," ಎನ್ನುತ್ತಲೇ ಶಾಸಕರು ಕಾರು ಹತ್ತಿದರು.

ದಾರಿಯುದ್ದಕ್ಕೂ ಭಾಷಣವನ್ನು ತಿದ್ದಿದರು. ಕಿವಿ ಉರಿದಷ್ಟೂ ಮಾತು ಹರಿತವಾಯಿತು. ಇನ್ನು ಮೇಲೆ ಯಾವ ಬೀಗವನ್ನೂ ಬಿಡುವುದಿಲ್ಲ, ದೊಡ್ಡವರ ಷೋಕೇಸುಗಳನ್ನೂ ಬಿಡುವುದಿಲ್ಲ ಎಂದು ನಿಜವಾಗಿಯೂ ನಿಶ್ಚಯಿಸಿದರು. ಬಿಸಿಲು ಇಳಿಯುವ ಹೊತ್ತಿಗೆ, ಊರು ನೂರು ಮೈಲಿ ಹಿಂದೆ ಉಳಿದಾಗ, ನರ್ಸಿನ ಫೋನ್ ಬಂತು.

"ಸಾರ್, ವಾರ್ಡಿಗೆ ಬೀಗ ಬಿದ್ದಿದೆ."

"ಮತ್ತೇ? ಯಾವನು ಹಾಕಿದ್ದು?"

"ಗಡಿಯಾರ ಸಾರ್. ಐದಾಯ್ತು, ಬಾಗಿಲೆಳೆದು ಒತ್ತಿ ಮನೆಗೆ ಹೋದ. ನಾವೆಲ್ಲ ಒಳಗೇ ಇದ್ದೀವಿ. ನಾನು, ಬಾಣಂತಿ, ಕೂಸು, ನಿಮ್ಮ ಮನೆಯವರು, ನಿಮ್ಮ ಅಕ್ಕ. ಕಿಟಕಿ ಸರಳಲ್ಲಿ ಹಾಲು ತಗೋತಾ ಇದ್ದೀವಿ. ಒಡೀರಿ ಅಂದ್ರೆ ಹೊರಗಿರೋರು ಬರವಣಿಗೆಯಲ್ಲಿ ಕೊಡಿ ಅಂತಾರೆ."

ಶಾಸಕರು ಸೀಟಿನಿಂದಲೇ ಎಗರಿದರು. "ಬೆಳಿಗ್ಗೆಯಿಂದ ಇಷ್ಟೆಲ್ಲ ಆದ ಮೇಲೂ? ಮಾನ ಮರ್ಯಾದೆ ಇದೆಯೇನ್ರೀ ನಿಮಗೆ? ಆ ಕೀ ಈಗ ಯಾರ ಹತ್ತಿರ ಇದೆ? ನನಗೆ ಹೆಸರು ಬೇಕು, ಹೆಸರು!"

ಕೂಗಿದ ರಭಸಕ್ಕೆ ಮುಂದೆ ಬಾಗಿದಾಗ ಪ್ಯಾಂಟಿನ ಜೇಬಿನಿಂದ ಏನೋ ತೊಡೆಗೆ ಚುಚ್ಚಿತು. ಕೈ ಹಾಕಿ ತಡವಿದರು. ಹೆಬ್ಬೆರಳುದ್ದದ್ದು.

ಫೋನಿನಲ್ಲಿ ಈಗ ಅಕ್ಕ ಇದ್ದಳು. ಅವಳು ಕೂಗಲೇ ಇಲ್ಲ. ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು.

"ಗಾಡಿ ತಿರುಗಿಸ್ಕೊಂಡು ಬಾ ಮಗನೇ. ಎಡಗಿವಿ ಬಾಕಿ ಇದೆ."